‘ಸ್ಟೇಟ್’ ಶಬ್ದದ ಅರ್ಥಗಳೂ ಗಡಿ ತಾಲೂಕುಗಳ ಚರಿತ್ರೆಯೂ: ಒಂದು ವಿಮರ್ಶೆ

ಘಟನೆಗಳ ಕಾಲವನ್ನು ನಿರ್ಣಯಿಸುವುದಕ್ಕೆ ಚರಿತ್ರಕಾರರು ಪಡುವ ಶ್ರಮವನ್ನು ಶಬ್ದಗಳ ಕಾಲವನ್ನು ನಿರ್ಣಯಿಸುವುದಕ್ಕೆ ಪಡುವುದು ವಿರಳ. ಇದರಿಂದ ಒದಗುವ ಅನರ್ಥವು ಎಂತಹದೆಂಬುದು ಈಚೆಗೆ ನಮ್ಮ ತರಗತಿಯಲ್ಲಿಯೇ ನಮ್ಮ ಅನುಭವಕ್ಕೆ ಬಂದಿತು. ರಾಯಬಾಗ ತಾಲೂಕಿನ ವಿದ್ಯಾರ್ಥಿಯೊಬ್ಬನು ತನ್ನ ಊರಿನ ಚರಿತ್ರೆಯನ್ನು ಕುರಿತು ಪ್ರಬಂಧವೊಂದನ್ನು ಬರೆದು, ತನ್ನ ಅಜ್ಜನ ಕಾಲದ ಶಾಲಾ ದಾಖಲೆಯೊಂದನ್ನು ಆಧಾರವಾಗಿ ಲಗತ್ತಿಸಿದ್ದನು. ದಾಖಲೆಯ ತಲೆಬರಹದಲ್ಲಿ ಇಂಗ್ಲಿಷಿನಲ್ಲಿ ‘ಕೊಲ್ಹಾಪುರ ಸ್ಟೇಟ್’ ಎಂದಿತ್ತು. ಅದನ್ನು ಅವನು ‘ಕೊಲ್ಹಾಪುರ ರಾಜ್ಯ’ ಎಂದು ಭಾಷಾಂತರಿಸಿ, ಮುಂದಿನ ವಾಕ್ಯದಲ್ಲಿಯೇ, ತನ್ನ ಊರು 1949ರವರೆಗೆ ಮಹಾರಾಷ್ಟ್ರ ರಾಜ್ಯದಲ್ಲಿತ್ತೆಂದು ತೀರ್ಮಾನಿಸಿದ್ದನು. ಮಹಾರಾಷ್ಟ್ರ ರಾಜ್ಯವು ಜನಿಸಿದ್ದು 1960ರ ಮೇ 1ರಂದು. ಜನಿಸುವುದಕ್ಕೆ ಹನ್ನೊಂದು ವರ್ಷ ಮೊದಲೇ ಅದು ರಾಯಬಾಗವನ್ನು ಕಳೆದುಕೊಂಡಂತಾಯಿತು!

ವಿದ್ಯಾರ್ಥಿಯನ್ನು ನಾವು ಆಕ್ಷೇಪಿಸಲಿಲ್ಲ. ‘ಸ್ಟೇಟ್’ ಎಂದರೆ ‘ರಾಜ್ಯ’ ಎಂದು ಅವನಿಗೆ ಕಲಿಸಿದವರು ಅಧ್ಯಾಪಕರಾದ ನಾವೇ. ಆ ಒಂದು ಶಬ್ದದ ಹಿಂದೆ ಎಷ್ಟು ಅರ್ಥಗಳಿವೆಯೆಂಬುದನ್ನು ಕಲಿಸದೆ ಇದ್ದವರೂ ನಾವೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಚರಿತ್ರೆಯನ್ನು ಬರೆಯುವಾಗ ಈ ಶಬ್ದವು ಎಲ್ಲೆಲ್ಲಿ ದಾರಿ ತಪ್ಪಿಸುತ್ತದೆ, ಅದಕ್ಕೆ ಪರಿಹಾರವೇನು ಎಂಬುದೇ ಪ್ರಕೃತ ಲೇಖನದ ವಿಷಯ.

1. ಶಬ್ದದ ಮೂಲ

ಇಂಗ್ಲಿಷಿನ ‘ಸ್ಟೇಟ್’ ಲ್ಯಾಟಿನ್ನಿನ ‘ಸ್ಟಾಟುಸ್’ ಎಂಬುದರಿಂದ ಬಂದುದು. ‘ನಿಲ್ಲು’ ಎಂಬ ಅರ್ಥದ ಅದರ ಧಾತುವೂ ಸಂಸ್ಕೃತದ ‘ಸ್ಥಾ’ ಧಾತುವೂ ಒಂದೇ ಮೂಲದವು. ಆದುದರಿಂದ ನಮ್ಮ ಸ್ಥಿತಿ, ಸ್ಥಾನ, ಅವಸ್ಥೆ, ಸಂಸ್ಥೆ, ಸಂಸ್ಥಾನಗಳೆಲ್ಲವೂ ಇಂಗ್ಲಿಷಿನ ಈ ಶಬ್ದಕ್ಕೆ ದೂರದ ದಾಯಾದಿಗಳು. ‘ಮನಸ್ಸಿನ ಸ್ಥಿತಿ’, ‘ದೇಶದ ಸ್ಥಿತಿ’ ಎಂಬಲ್ಲಿ ಇಂಗ್ಲಿಷಿನವರು ಇದನ್ನೇ ಬಳಸುತ್ತಾರೆ. ಅಲ್ಲಿ ಕನ್ನಡದ ಬರಹಗಾರನಿಗೆ ತೊಡಕಿಲ್ಲ.

ತೊಡಕು ಆರಂಭವಾಗುವುದು ಇದರ ರಾಜಕೀಯ ಅರ್ಥಗಳಲ್ಲಿ. ಮನುಷ್ಯನ ಅಂತಸ್ತು, ಅದಕ್ಕೆ ತಕ್ಕ ಆಸ್ತಿ, ಅರಸನ ಪದವಿ, ಅರಸನಿಂದ ಬೇರೆಯಾಗಿ ನಿಲ್ಲುವ ಆಳ್ವಿಕೆಯ ಸಂಸ್ಥೆ, ಅದರ ನೆಲ, ಒಕ್ಕೂಟವೊಂದರ ಅಂಗ — ಇಷ್ಟು ಅರ್ಥಗಳು ಕಾಲಕ್ರಮದಲ್ಲಿ ಇದಕ್ಕೆ ಸೇರಿದವು. ಜಮೀನುದಾರಿಯನ್ನು ಹೇಳುವ ‘ಎಸ್ಟೇಟ್’ ಕೂಡ ಇದರ ಒಡಹುಟ್ಟಿದ ಶಬ್ದ. ಈ ಕೊನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಿಪ್ಪಾಣಿಯ ಚರಿತ್ರೆಗೆ ಅದು ಬೇಕಾಗುತ್ತದೆ.

2. ಐದು ಊರುಗಳು, ಹಲವು ‘ಸ್ಟೇಟು’ಗಳು

19ನೆಯ ಶತಮಾನದ ಇಂಗ್ಲಿಷ್ ಕಾಗದಗಳಲ್ಲಿ ಈ ಐದು ಊರುಗಳ ಪಾಡು ಒಂದೇ ಬಗೆಯದಾಗಿರಲಿಲ್ಲ. ಪೇಶ್ವೆಯ ಪತನವಾದ 1817–18ರ ಯುದ್ಧದ ತರುವಾಯ ಚಿಕ್ಕೋಡಿ ಮತ್ತು ಮುನವಳ್ಳಿಯ ಪ್ರದೇಶಗಳನ್ನು ಇಂಗ್ಲಿಷರು ಕೊಲ್ಹಾಪುರದ ಅರಸನಿಗೆ ಕೊಟ್ಟರು. 1820ರ ದಶಕದ ಕೊನೆಯ ವೇಳೆಗೆ ಹಿಂದಕ್ಕೆ ಪಡೆದರು. ಹೀಗೆ ಚಿಕ್ಕೋಡಿಯು ‘ಕೊಲ್ಹಾಪುರ ಸ್ಟೇಟ್’ನಲ್ಲಿದ್ದುದು ಹೆಚ್ಚುಕಡಿಮೆ ಒಂದು ದಶಕ ಮಾತ್ರ. ರಾಯಬಾಗವಾದರೋ 1949ರವರೆಗೂ ಕೊಲ್ಹಾಪುರದ ಆಳ್ವಿಕೆಯಲ್ಲಿಯೇ ಉಳಿಯಿತು. ನೆರೆಹೊರೆಯ ಎರಡು ಊರುಗಳಿಗೆ ಒಂದೇ ಶಬ್ದವು ಎಷ್ಟು ಬೇರೆ ಬೇರೆಯಾದ ಕಾಲಾವಧಿಗಳಲ್ಲಿ ಅನ್ವಯಿಸುತ್ತದೆಂಬುದನ್ನು ಇಲ್ಲಿ ಗಮನಿಸಬೇಕು.

ನಿಪ್ಪಾಣಿಯ ಸಂಗತಿ ಇನ್ನೊಂದು ಬಗೆಯದು. ಅಪ್ಪಾ ದೇಸಾಯಿಯೆಂದು ಪ್ರಸಿದ್ಧನಾದ ಸಿದ್ಧೋಜಿರಾವ್ ನಿಂಬಾಳಕರನು ತನ್ನ ಕಾಲದ ಪ್ರಬಲ ಸರದಾರನಾಗಿದ್ದನು. ಅವನು 1839ರಲ್ಲಿ ತೀರಿಕೊಂಡ ಮೇಲೆ, ಉತ್ತರಾಧಿಕಾರಿಯಿಲ್ಲವೆಂಬ ಕಾರಣದಿಂದ, ಕೆಲವೇ ವರ್ಷಗಳಲ್ಲಿ ಅವನ ಜಹಗೀರು ಇಂಗ್ಲಿಷರ ಪಾಲಾಯಿತು. ಇಂತಹ ಒಡೆತನಗಳಿಗೆ ನಮ್ಮ ಜನರು ಇಟ್ಟುಕೊಂಡ ಹೆಸರು ‘ದೇಸಗತಿ’. ಇಂಗ್ಲಿಷರು ಒಮ್ಮೆ ಜಹಗೀರೆಂದೂ ಒಮ್ಮೆ ‘ಎಸ್ಟೇಟ್’ ಎಂದೂ ಬರೆದರು. ಯಾವುದು ‘ಎಸ್ಟೇಟ್’, ಯಾವುದು ‘ಸ್ಟೇಟ್’ ಎಂಬುದನ್ನು ಅಳತೆಯೋ ಜನಸಂಖ್ಯೆಯೋ ನಿರ್ಧರಿಸುತ್ತಿರಲಿಲ್ಲ. ಒಡೆಯನೊಡನೆ ಕಂಪನಿ ಸರಕಾರವು ಇಟ್ಟುಕೊಳ್ಳಲೊಪ್ಪಿದ ಸಂಬಂಧವು ನಿರ್ಧರಿಸುತ್ತಿತ್ತು.

ಕಾಗವಾಡದ ನೆರೆಯಲ್ಲಿರುವ ಮಿರಜಿನ ಉದಾಹರಣೆಯಿಂದ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಲ್ಲಿಯ ಪಟವರ್ಧನರ ಮನೆತನದಲ್ಲಿ ಪಾಲಾದಾಗ ಪ್ರತಿಯೊಂದು ಪಾಲಿಗೂ ಮರಾಠಿಯಲ್ಲಿ ‘ಪಾತಿ’ ಎಂದು ಹೆಸರು. ಹಿರಿಯರದು ‘ಥೋರಲೀ ಪಾತಿ’, ಕಿರಿಯರದು ‘ಧಾಕಟೀ ಪಾತಿ’. ಇಂಗ್ಲಿಷಿನಲ್ಲಿ ಅವೇ ಮಿರಜ ಸೀನಿಯರ್ ಸ್ಟೇಟ್, ಮಿರಜ ಜೂನಿಯರ್ ಸ್ಟೇಟ್ ಎಂದಾದವು. ಕುರುಂದವಾಡವೂ ಹೀಗೆಯೇ ಎರಡಾಯಿತು. ಅಣ್ಣತಮ್ಮಂದಿರು ಮನೆಯನ್ನು ಹಂಚಿಕೊಂಡುದು ಇಂಗ್ಲಿಷ್ ನಕ್ಷೆಯಲ್ಲಿ ಎರಡು ‘ಸ್ಟೇಟು’ಗಳ ಉದಯವಾಗಿ ಕಾಣಿಸಿಕೊಂಡಿತು. ಇವನ್ನು ‘ಮಿರಜಿನ ಎರಡು ರಾಜ್ಯಗಳು’ ಎಂದು ಬರೆಯುವ ಇಂದಿನ ಲೇಖಕನು ವಾಚಕನ ಮನಸ್ಸಿನಲ್ಲಿ ಮೂಡಿಸುವ ಚಿತ್ರವು ವಾಸ್ತವಕ್ಕೆ ಎಷ್ಟು ದೂರವೆಂಬುದನ್ನು ಹೇಳಬೇಕಾಗಿಲ್ಲ.

ಇನ್ನು ಅಥಣಿ. ಅದು ಮುಂಬಯಿ ಇಲಾಖೆಯ ಬೆಳಗಾವಿ ಜಿಲ್ಲೆಯ ತಾಲೂಕಾಗಿತ್ತು. ಚಿಕ್ಕೋಡಿಯೂ ಅದರೊಳಗಿದ್ದ ನಿಪ್ಪಾಣಿಯೂ ಹಾಗೆಯೇ. ಇಂಗ್ಲಿಷರ ನೇರ ಆಡಳಿತಕ್ಕೆ ಒಳಗಾದ ಮೇಲೆ ಈ ಊರುಗಳು ಯಾವ ‘ಸ್ಟೇಟ್’ನಲ್ಲಿಯೂ ಇರಲಿಲ್ಲ, ಇದ್ದುದು ಮೊದಲು ‘ಪ್ರೆಸಿಡೆನ್ಸಿ’ಯಲ್ಲಿ, ಆಮೇಲೆ ‘ಪ್ರಾವಿನ್ಸ್’ನಲ್ಲಿ. ಅಥಣಿಯಿಂದ ರಾಯಬಾಗಕ್ಕೆ ಹೋಗುವವನು ಕೃಷ್ಣೆಯನ್ನು ದಾಟಿದಂತೆ ಒಂದು ಬಗೆಯ ಆಡಳಿತದಿಂದ ಇನ್ನೊಂದು ಬಗೆಯ ಆಡಳಿತಕ್ಕೂ ದಾಟುತ್ತಿದ್ದನು.

3. ಒಂದೇ ಶಬ್ದ ಎಲ್ಲವನ್ನೂ ನುಂಗಿದ ದಿನ

1935ರ ಭಾರತ ಸರಕಾರದ ಶಾಸನದಲ್ಲಿ ಎರಡು ವರ್ಗಗಳು ಸ್ಪಷ್ಟವಾಗಿದ್ದವು: ಇಂಗ್ಲಿಷರು ಆಳುವ ‘ಪ್ರಾವಿನ್ಸು’ಗಳು ಮತ್ತು ಅರಸರು ಆಳುವ ‘ಸ್ಟೇಟು’ಗಳು. ಕನ್ನಡದಲ್ಲಿ ಪ್ರಾಂತ, ಸಂಸ್ಥಾನ ಎಂಬ ಜೋಡಿಯು ಈ ಭೇದವನ್ನು ಚೆನ್ನಾಗಿ ಉಳಿಸಿಕೊಂಡಿತ್ತು. 1948ರ ಮಾರ್ಚಿಯಲ್ಲಿ ಪಟವರ್ಧನರ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1949ರ ಮಾರ್ಚ್ 1ರಂದು ಕೊಲ್ಹಾಪುರವೂ ವಿಲೀನವಾಯಿತು. ರಾಯಬಾಗವು ಬೆಳಗಾವಿ ಜಿಲ್ಲೆಗೆ ಸೇರಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು ಹಳೆಯ ಪ್ರಾಂತಗಳಿಗೂ ಉಳಿದ ದೊಡ್ಡ ಸಂಸ್ಥಾನಗಳಿಗೂ ‘ಸ್ಟೇಟ್’ ಎಂಬ ಒಂದೇ ಹೆಸರನ್ನು ಕೊಟ್ಟಿತು. ಎ, ಬಿ, ಸಿ ಎಂಬ ಭಾಗಗಳು ಹಳೆಯ ಭೇದವನ್ನು ಸ್ವಲ್ಪ ಕಾಲ ಸೂಚಿಸುತ್ತಿದ್ದವು; ಮುಂಬಯಿ ಎ ಭಾಗದಲ್ಲಿಯೂ ಮೈಸೂರು ಬಿ ಭಾಗದಲ್ಲಿಯೂ ಕೊಡಗು ಸಿ ಭಾಗದಲ್ಲಿಯೂ ಇದ್ದವು. 1956ರಲ್ಲಿ ಆ ಸೂಚನೆಯೂ ಅಳಿಯಿತು.

ಇದರ ಫಲವನ್ನು ನೋಡೋಣ. ರಾಯಬಾಗದ ಒಬ್ಬ ಒಕ್ಕಲಿಗನು ತನ್ನ ಹೊಲವನ್ನು ಬಿಟ್ಟು ಕದಲದೆ, ಎಂಟು ವರ್ಷಗಳೊಳಗೆ ಕೊಲ್ಹಾಪುರ ಸ್ಟೇಟ್, ಮುಂಬಯಿ ಪ್ರಾಂತ, ಮುಂಬಯಿ ಸ್ಟೇಟ್, 1956ರ ನವೆಂಬರ್ 1ರಿಂದ ಮೈಸೂರು ಸ್ಟೇಟ್ — ಈ ನಾಲ್ಕರಲ್ಲಿ ಬಾಳಿದನು. 1973ರ ನವೆಂಬರ್ 1ರಂದು ಆ ಕೊನೆಯದರ ಹೆಸರೂ ಕರ್ನಾಟಕವೆಂದಾಯಿತು. ಅಥಣಿಯವನಿಗಾದರೋ ಇಂಗ್ಲಿಷರ ಆಡಳಿತವು ಮುಗಿದು ಸಂವಿಧಾನವು ಬರುವವರೆಗೆ ‘ಸ್ಟೇಟ್’ ಎಂಬುದೇ ಇರಲಿಲ್ಲ. ರಾಯಬಾಗದವನ ಕಾಗದಗಳಲ್ಲಿ ಮೂರು ಸಲ ಬರುವ ‘ಸ್ಟೇಟ್’ಗೆ ಮೊದಲ ಸಲ ಒಂದು ಅರ್ಥ, ಮುಂದಿನ ಎರಡು ಸಲ ಬೇರೊಂದು ಅರ್ಥ. ಮೂರನ್ನೂ ‘ರಾಜ್ಯ’ ಎಂದು ಬರೆದರೆ ಈ ಅಂತರವು ಕಾಣದಂತಾಗುತ್ತದೆ. ‘ಮೈಸೂರು ಸ್ಟೇಟ್’ ಎಂಬುದಕ್ಕೂ ಹೀಗೆಯೇ 1950ಕ್ಕೆ ಮೊದಲು, 1950ರಿಂದ 1956ರವರೆಗೆ, ಆಮೇಲೆ, ಎಂದು ಮೂರು ಅರ್ಥಗಳಿವೆ.

ಸಂವಿಧಾನದ ಒಳಗೂ ಈ ಶಬ್ದಕ್ಕೆ ಒಂದೇ ಅರ್ಥವಿಲ್ಲ. ಒಂದನೆಯ ಅನುಚ್ಛೇದದಲ್ಲಿ ಅದು ಒಕ್ಕೂಟದ ಅಂಗ. ಹನ್ನೆರಡನೆಯ ಅನುಚ್ಛೇದದಲ್ಲಿ ಕೇಂದ್ರ ಸರಕಾರ, ಸಂಸತ್ತು, ಆಯಾ ರಾಜ್ಯದ ಸರಕಾರ, ವಿಧಾನಮಂಡಲ, ಸ್ಥಳೀಯ ಸಂಸ್ಥೆಗಳು ಎಲ್ಲವೂ ‘ಸ್ಟೇಟ್’ನಲ್ಲಿ ಅಡಕ. ಈ ಅರ್ಥದಲ್ಲಿ ನಿಪ್ಪಾಣಿಯ ನಗರಸಭೆಯೂ ‘ಸ್ಟೇಟ್’ ಆಗುತ್ತದೆ. ನಾವು ಎರಡಕ್ಕೂ ‘ರಾಜ್ಯ’ವೆಂದೇ ಹೇಳುತ್ತಾ ಬಂದುದರಿಂದ, ‘ರಾಜ್ಯ ನೀತಿ ನಿರ್ದೇಶಕ ತತ್ತ್ವಗಳು’ ಎಂಬುದನ್ನು ಓದುವ ವಿದ್ಯಾರ್ಥಿಯು ಅವು ಬೆಂಗಳೂರಿನ ಸರಕಾರಕ್ಕೆ ಮಾತ್ರ ಹೇಳಿದವೆಂದು ಭಾವಿಸಿದರೆ ತಪ್ಪು ಅವನದಲ್ಲ. 1955ರಲ್ಲಿ ಸ್ಥಾಪಿತವಾದ ಸ್ಟೇಟ್ ಬ್ಯಾಂಕಿನ ಹೆಸರಿನಲ್ಲಿಯೂ ಈ ಶಬ್ದಕ್ಕೆ ಇಡೀ ದೇಶದ ಪ್ರಭುತ್ವವೆಂಬ ಅರ್ಥವೇ ಇದೆ. ಅದನ್ನು ‘ರಾಜ್ಯ ಬ್ಯಾಂಕು’ ಎಂದು ಮಾಡದೆ ಜನರು ‘ಸ್ಟೇಟ್ ಬ್ಯಾಂಕು’ ಎಂದೇ ಉಳಿಸಿಕೊಂಡುದರಲ್ಲಿ ವಿವೇಕವಿದೆ.

4. ಅರ್ಥಭ್ರಾಂತಿಯ ಪರಿಣಾಮ

ಇದು ಕೇವಲ ನಿಘಂಟಿನ ಚರ್ಚೆಯೆಂದು ವಾಚಕರು ಭಾವಿಸಬಾರದು. ಮೇಲಿನ ಊರುಗಳ ಬಗೆಗೆ ಬಹುಕಾಲದಿಂದ ಗಡಿವಿವಾದವಿದೆ. 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿಯನ್ನೊಪ್ಪಿಸಿದ ಮಹಾಜನ ಆಯೋಗದ ಮುಂದೆಯೂ ಅದಕ್ಕೆ ಹಿಂದೆಯೂ ಮುಂದೆಯೂ ವಾದಗಳು ನಡೆದಿವೆ. ಯಾವ ಊರು ಯಾವ ಕಡೆಗಿರಬೇಕೆಂಬುದನ್ನು ತೀರ್ಮಾನಿಸುವುದು ನಮ್ಮ ಕೆಲಸವಲ್ಲ. ಆದರೆ ಚರಿತ್ರೆಯನ್ನು ಸಾಕ್ಷಿಗೆ ಕರೆದಾಗ ಸಾಕ್ಷಿಯ ಮಾತನ್ನು ತಿರುಚದಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ಒಂದು ಕಡೆಯವರು, ಇಂತಹ ಊರು ‘ಕೊಲ್ಹಾಪುರ ಸ್ಟೇಟ್’ನಲ್ಲಿತ್ತು, ಆದುದರಿಂದ ಅದು ಮರಾಠಿ ರಾಜ್ಯದ್ದು ಎನ್ನುತ್ತಾರೆ. ಸಂಸ್ಥಾನದ ಎಲ್ಲೆಯನ್ನು ನಿಶ್ಚಯಿಸಿದುದು ಯುದ್ಧ, ಒಪ್ಪಂದ, ದತ್ತು, ಪಾಲುಪಟ್ಟಿ. ಪ್ರಜೆಗಳ ಭಾಷೆಯನ್ನು ಅಲ್ಲಿ ಯಾರೂ ವಿಚಾರಿಸಿರಲಿಲ್ಲ. ಜಮಖಂಡಿಯನ್ನು ಪಟವರ್ಧನರು ಆಳಿದರೆಂಬುದರಿಂದ ಅಲ್ಲಿಯ ಕನ್ನಡವು ಮರಾಠಿಯಾಗಲಿಲ್ಲ. ಮರಾಠಾ ಸರದಾರರು ಆಳಿದರೆಂಬ ಕಾರಣದಿಂದ ಇಂಗ್ಲಿಷರು ಧಾರವಾಡ, ಬೆಳಗಾವಿಗಳ ಸೀಮೆಯನ್ನು ‘ದಕ್ಷಿಣ ಮರಾಠಾ ದೇಶ’ವೆಂದು ಕರೆದುದೂ ಇದೇ ಜಾತಿಯ ಭ್ರಾಂತಿ.

ಆದರೆ ನಮ್ಮ ಕಡೆಯವರೂ ಈ ದೋಷದಿಂದ ಮುಕ್ತರಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಸವದತ್ತಿ ಹಾಗೂ ಬೆಳಗಾವಿಯ ರಟ್ಟರು ಆಳಿದ ಕೂಂಡಿ ಮೂರುಸಾಸಿರವನ್ನು ‘ಕನ್ನಡ ರಾಜ್ಯ’ವೆಂದು ಬಣ್ಣಿಸಿ, ‘ಹೂವಿನ ಬಾಗೆ’ಯೆಂದು ಹೆಸರಾಗಿದ್ದ ರಾಯಬಾಗವು ಅದರೊಳಗಿತ್ತಾದುದರಿಂದ ಇಂದಿನ ಎಲ್ಲೆಯು ಅಂದೇ ಸಿದ್ಧವಾಗಿತ್ತೆಂದು ವಾದಿಸುವವರಿದ್ದಾರೆ. ಶಾಸನಗಳಲ್ಲಿ ಬರುವ ‘ವಿಜಯರಾಜ್ಯ’ವೆಂಬ ಮಾತು ಅರಸನ ಆಳ್ವಿಕೆಯನ್ನು ಹೇಳುತ್ತದೆ, ಎಲ್ಲೆಕಟ್ಟಿದ ಇಂದಿನ ಆಡಳಿತ ಘಟಕವನ್ನಲ್ಲ. ನೆಲವನ್ನು ಹೇಳುವುದಕ್ಕೆ ಶಾಸನಕಾರರಲ್ಲಿ ನಾಡು, ಮಂಡಲ ಮೊದಲಾದ ಬೇರೆ ಮಾತುಗಳಿದ್ದವು. ಶಾಸನಗಳು ಕನ್ನಡದಲ್ಲಿವೆಯೆಂಬುದು ಭಾಷೆಯ ಪ್ರಾಚೀನತೆಗೆ ಬಲವಾದ ಸಾಕ್ಷಿಯೇ ಸರಿ. ಆ ಸಾಕ್ಷಿಯು ತನ್ನಷ್ಟಕ್ಕೆ ತಾನೇ ಸಾಕು. ಅದಕ್ಕೆ 1956ರ ‘ರಾಜ್ಯ’ವನ್ನು ಕಟ್ಟಿದರೆ ಎದುರಾಳಿಯು ಅದೇ ತರ್ಕದಿಂದ ಕೊಲ್ಹಾಪುರವನ್ನು ತಂದು ನಿಲ್ಲಿಸುತ್ತಾನೆ, ಆಗ ಅವನಿಗೆ ಉತ್ತರ ಹೇಳುವ ಹಕ್ಕನ್ನು ನಾವೇ ಕಳೆದುಕೊಂಡಿರುತ್ತೇವೆ.

5. ಪರಿಹಾರ ಮತ್ತು ಆಕ್ಷೇಪ

ಮೇಲಿನ ವಿವೇಚನೆಯಿಂದ ನಾವು ಸೂಚಿಸಬಯಸುವುದು ಇಷ್ಟು. 1948–49ರ ವಿಲೀನೀಕರಣಕ್ಕೆ ಹಿಂದಿನ ಅರಸರ ‘ಸ್ಟೇಟ್’ಗೆ ‘ಸಂಸ್ಥಾನ’ವೆಂದೇ ಬರೆಯಬೇಕು. 1950ರಿಂದ ಈಚಿನ ಒಕ್ಕೂಟದ ಅಂಗಕ್ಕೆ ‘ರಾಜ್ಯ’ ಎನ್ನಬೇಕು. ಆಳ್ವಿಕೆಯ ಸಂಸ್ಥೆಯೆಂಬ ವ್ಯಾಪಕವಾದ ಅರ್ಥಕ್ಕೆ ‘ಪ್ರಭುತ್ವ’ ಎನ್ನಬೇಕು. ಇಂಗ್ಲಿಷರಿಗಿಂತ ಹಿಂದಿನ ಕಾಲಕ್ಕೆ ನಾಡು, ಮಂಡಲ, ದೇಸಗತಿ, ಪಾತಿ ಮುಂತಾಗಿ ಆಯಾ ದಾಖಲೆಯ ಶಬ್ದವನ್ನೇ ಉಳಿಸಿಕೊಳ್ಳಬೇಕು. ಯಾವ ಶಬ್ದವನ್ನು ಬಳಸಿದರೂ ಮೊದಲ ಸಲ ಬಂದಾಗ ಇಸವಿಯನ್ನು ಜೊತೆಗಿಡಬೇಕು.

ಪಾರಿಭಾಷಿಕ ಶಬ್ದಕ್ಕೆ ಒಂದೇ ರೂಪವಿರಬೇಕೆಂಬ ಆಕ್ಷೇಪವು ಬರಬಹುದು. ಇಂಗ್ಲಿಷಿನಲ್ಲಿಯೇ ಅರ್ಥವು ಒಂದಾಗಿಲ್ಲದಿರುವಾಗ ಕನ್ನಡದಲ್ಲಿ ರೂಪವನ್ನು ಒಂದಾಗಿಸುವುದು ಶಿಸ್ತಲ್ಲ, ಮೈಗಳ್ಳತನ. ‘ಸಂಸ್ಥಾನ’ವೂ ನಿರ್ದುಷ್ಟವಾದ ಶಬ್ದವಲ್ಲವೆಂಬ ಎರಡನೆಯ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ನಮ್ಮ ಜಿಲ್ಲೆಯಲ್ಲಿ ನಿಡಸೋಸಿಯ ಸಿದ್ಧಸಂಸ್ಥಾನ ಮಠದಂತಹ ಧಾರ್ಮಿಕ ಪೀಠಗಳಿಗೂ ಅದು ಸಲ್ಲುತ್ತದೆ. ಅಲ್ಲದೆ ಮೈಸೂರಿನಂತಹ ವಿಶಾಲವಾದ ಸೀಮೆಯನ್ನೂ ಮಿರಜಿನ ಒಂದು ಪಾತಿಯನ್ನೂ ಅದು ಒಂದೇ ಸಾಲಿನಲ್ಲಿ ಕೂರಿಸುತ್ತದೆ. ಇದನ್ನು ನಾವು ಒಪ್ಪುತ್ತೇವೆ. ಆದರೆ ಮಠವನ್ನೂ ಅರಸುಮನೆಯನ್ನೂ ಓದುಗನು ಸಂದರ್ಭದಿಂದಲೇ ಬೇರ್ಪಡಿಸಬಲ್ಲನು. 1940ರ ಕೊಲ್ಹಾಪುರವನ್ನೂ 1960ರ ಮಹಾರಾಷ್ಟ್ರವನ್ನೂ ‘ರಾಜ್ಯ’ವೆಂಬ ಒಂದೇ ಶಬ್ದದಿಂದ ಬೇರ್ಪಡಿಸಲಾರನು.

2018ರಲ್ಲಿ ನಿಪ್ಪಾಣಿಯೂ ಕಾಗವಾಡವೂ ಪ್ರತ್ಯೇಕ ತಾಲೂಕುಗಳಾದವು. ಹೊಸ ತಾಲೂಕುಗಳಿಗೆ ಹೊಸ ಚರಿತ್ರೆಗಳನ್ನು ಬರೆಯುವವರು ಬಂದೇ ಬರುತ್ತಾರೆ. ಅವರಲ್ಲಿ ಹಲವರು ಇಂದು ನಮ್ಮ ತರಗತಿಗಳಲ್ಲಿ ಕುಳಿತಿದ್ದಾರೆ. ಆರಂಭದಲ್ಲಿ ಹೇಳಿದ ವಿದ್ಯಾರ್ಥಿಗೆ ನಾವು ಪ್ರಬಂಧವನ್ನು ಹಿಂದಿರುಗಿಸಿ, ಅಜ್ಜನ ದಾಖಲೆಯ ಇಸವಿಯನ್ನು ನೋಡಿ ಆ ಒಂದು ಶಬ್ದವನ್ನು ಮತ್ತೆ ಭಾಷಾಂತರಿಸೆಂದು ಹೇಳಿದೆವು. ಅವನು ‘ಸಂಸ್ಥಾನ’ವೆಂದು ತಿದ್ದಿದನು. ತಿದ್ದಿದ ಮೇಲೆ ಮುಂದಿನ ವಾಕ್ಯವು ನಿಲ್ಲಲಾರದೆಂಬುದು ಅವನಿಗೇ ಹೊಳೆದು, ಅದನ್ನು ತಾನಾಗಿಯೇ ಹೊಡೆದುಹಾಕಿದನು.