ಸ್ವಯಂ-ಕಮಿಟ್ ಪರೀಕ್ಷೆಯಲ್ಲಿ ಎರಡನೆಯ ಸಂಪರ್ಕದ ಸಾಕ್ಷ್ಯ

ಡೇಟಾಬೇಸಿನ ಪ್ರಯೋಗ ತರಗತಿಗಳಲ್ಲಿ ರೂಢಿಗೆ ಬಂದಿರುವ ಒಂದು ಪರೀಕ್ಷಾಕ್ರಮವನ್ನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇವೆ. ವಿದ್ಯಾರ್ಥಿಯು ಒಂದು ಕೋಷ್ಟಕಕ್ಕೆ ಒಂದು ಸಾಲನ್ನು ಸೇರಿಸುತ್ತಾನೆ. ಒಡನೆಯೇ ಅದೇ ಕಿಟಕಿಯಲ್ಲಿ ಸೆಲೆಕ್ಟ್ ವಾಕ್ಯವನ್ನು ಬರೆದು ಆ ಸಾಲನ್ನು ನೋಡುತ್ತಾನೆ. ಸ್ವಯಂ-ಕಮಿಟ್ ಚಾಲನೆಯಲ್ಲಿದೆಯೆಂದು ಸಿದ್ಧವಾಯಿತೆಂದು ಪ್ರಯೋಗಪುಸ್ತಕದಲ್ಲಿ ಬರೆಯುತ್ತಾನೆ. ಅಧ್ಯಾಪಕರು ಸಹಿ ಹಾಕುತ್ತಾರೆ. ಹಾಗೆ ಸಹಿ ಹಾಕಿದವರಲ್ಲಿ ನಾವೂ ಸೇರಿರುವುದರಿಂದ ಈ ಟೀಕೆ ಮೊದಲು ನಮಗೇ ಸಲ್ಲತಕ್ಕದ್ದು. ಈ ಪ್ರಯೋಗದಿಂದ ಸಿದ್ಧವಾಗುವುದು ಏನೂ ಇಲ್ಲ.

ಕಮಿಟ್ ಎಂದರೆ ವಹಿವಾಟಿನಲ್ಲಿ ಮಾಡಿದ ಬದಲಾವಣೆಯನ್ನು ಖಾಯಂ ಮಾಡುವುದು. ಸ್ವಯಂ-ಕಮಿಟ್ ಎಂದರೆ ಪ್ರತಿಯೊಂದು ವಾಕ್ಯವೂ ತಾನೇ ಒಂದು ವಹಿವಾಟಾಗಿ, ಮುಗಿದೊಡನೆ ಖಾಯಂ ಆಗುವುದು. 1983ರಲ್ಲಿ ಹ್ಯಾರ್ಡರ್ ಮತ್ತು ರಾಯ್ಟರ್ ಅವರು ವಹಿವಾಟಿನ ನಾಲ್ಕು ಲಕ್ಷಣಗಳನ್ನು ಹೆಸರಿಸಿದರಷ್ಟೆ: ಅಖಂಡತೆ, ಸಂಗತತೆ, ಪ್ರತ್ಯೇಕತೆ, ಸ್ಥಾಯಿತ್ವ. ಇವುಗಳಲ್ಲಿ ಪ್ರತ್ಯೇಕತೆಯು ಇತರರಿಗೆ ಏನು ಕಾಣಬೇಕೆಂಬುದನ್ನು ನಿಯಮಿಸುತ್ತದೆಯೇ ಹೊರತು, ಬರೆದವನಿಗೆ ತಾನು ಬರೆದುದನ್ನು ಮುಚ್ಚಿಡುವುದಿಲ್ಲ. ಕಮಿಟ್ ಆಗಲಿ ಬಿಡಲಿ, ಸಾಲನ್ನು ಸೇರಿಸಿದ ಸಂಪರ್ಕಕ್ಕೆ ಆ ಸಾಲು ಕಂಡೇ ಕಾಣುತ್ತದೆ. ಸಾಲ ತೀರಿಸಿದ್ದಕ್ಕೆ ಸಾಲಗಾರನ ಮಾತನ್ನೇ ಸಾಕ್ಷಿಯಾಗಿ ಹಿಡಿದಂತೆ ಇದು.

ಇದು ಬರಿಯ ತರ್ಕದ ಮಾತೆಂದು ಕೆಲವರಿಗೆ ತೋರಬಹುದು. ನಮ್ಮಲ್ಲಿ ಕಲಿತ ಒಬ್ಬ ವಿದ್ಯಾರ್ಥಿಯು ಒಂದು ಕಚೇರಿಗೆ ಶುಲ್ಕವನ್ನು ದಾಖಲಿಸುವ ಪ್ರೋಗ್ರಾಮನ್ನು ಪೈಥಾನಿನಲ್ಲಿ ಬರೆದುಕೊಟ್ಟನು. ದಿನವಿಡೀ ದಾಖಲೆಗಳು ಪರದೆಯ ಮೇಲೆ ಸರಿಯಾಗಿಯೇ ಕಾಣಿಸಿದವು. ಸಂಜೆ ಪ್ರೋಗ್ರಾಮನ್ನು ಮುಚ್ಚಿ, ಮರುದಿನ ತೆರೆದರೆ ಒಂದು ಸಾಲೂ ಇಲ್ಲ. ರಸೀದಿಯ ಪ್ರತಿಗಳಿಂದ ಎಲ್ಲವನ್ನೂ ಮತ್ತೆ ಬರೆಯಬೇಕಾಯಿತು. ತರಗತಿಯಲ್ಲಿ ಅವನು ಅಭ್ಯಾಸ ಮಾಡಿದ್ದುದು ಮೈಎಸ್‌ಕ್ಯುಎಲ್‌ನ ಆಜ್ಞಾಕಿಟಕಿಯಲ್ಲಿ. ಅಲ್ಲಿ ಸ್ವಯಂ-ಕಮಿಟ್ ಮೊದಲಿನಿಂದಲೇ ಚಾಲನೆಯಲ್ಲಿರುತ್ತದೆ. ಪೈಥಾನಿನ ಡೇಟಾಬೇಸ್ ನಿಯಮಪತ್ರವು ಅದು ಮೊದಲಿಗೆ ನಿಂತಿರಬೇಕೆಂದು ವಿಧಿಸುತ್ತದೆ. ಕಮಿಟ್ ಮಾಡದೆ ಸಂಪರ್ಕವನ್ನು ಮುಚ್ಚಿದರೆ ವಹಿವಾಟು ರದ್ದಾಗುವುದೆಂದೂ ಹೇಳುತ್ತದೆ. ಜಾವಾದ ಜೆಡಿಬಿಸಿಯಲ್ಲಿ ಮತ್ತೆ ಇದಕ್ಕೆ ವಿರುದ್ಧವಾದ ಏರ್ಪಾಡು. ತಪ್ಪು ವಿದ್ಯಾರ್ಥಿಯದಲ್ಲ, ಸ್ವಯಂ-ಕಮಿಟ್ ಎಂಬುದು ಡೇಟಾಬೇಸಿನ ಗುಣವೆಂದು ನಾವು ಕಲಿಸಿದ್ದೆವು, ಆದರೆ ಅದು ಆಯಾ ಸಂಪರ್ಕದ ಗುಣ.

ಈ ಗೊಂದಲ ನಮಗೆ ಮಾತ್ರ ಆದದ್ದೂ ಅಲ್ಲ. ಪೋಸ್ಟ್‌ಗ್ರೆಸ್‌ಕ್ಯುಎಲ್‌ನ 7.3ನೆಯ ಆವೃತ್ತಿಯಲ್ಲಿ (2002) ಸ್ವಯಂ-ಕಮಿಟನ್ನು ನಿಲ್ಲಿಸುವ ಅಧಿಕಾರವನ್ನು ಸರ್ವರಿನಲ್ಲಿಯೇ ಇಡಲಾಗಿತ್ತು, ಮರುವರ್ಷದ 7.4ರಲ್ಲಿ ಅದನ್ನು ತೆಗೆದುಹಾಕಿ, ಆ ಹೊಣೆಯನ್ನು ಗ್ರಾಹಕ ಪ್ರೋಗ್ರಾಮುಗಳಿಗೇ ಬಿಟ್ಟರು.

ಹಾಗಾದರೆ ಎರಡನೆಯ ಸಂಪರ್ಕವೊಂದನ್ನು ತೆರೆದು ಅಲ್ಲಿಂದ ನೋಡಿದರೆ ಸಾಕಲ್ಲವೆ, ಎಂದು ಕೇಳಬಹುದು. ಬೇಕೇ ಬೇಕು, ಆದರೆ ಸಾಲದು. ಸಾಕ್ಷಿಯ ಸ್ಥಿತಿಯನ್ನೂ ವಿಚಾರಿಸಬೇಕಾಗುತ್ತದೆ. ಎರಡನೆಯ ಸಂಪರ್ಕವು ಕಮಿಟ್ ಆಗದುದನ್ನೂ ಓದುವ ಹಂತದಲ್ಲಿದ್ದರೆ ಅದು ಕಂಡದ್ದಕ್ಕೆ ಬೆಲೆಯಿಲ್ಲ. ಕೋಷ್ಟಕವು ಮೈಐಸ್ಯಾಮ್ ಬಗೆಯದಾದರೆ ಅಲ್ಲಿ ವಹಿವಾಟೆಂಬುದೇ ಇಲ್ಲ. ಪರೀಕ್ಷೆ ಸದಾ ತೇರ್ಗಡೆ.

ಇವೆರಡಕ್ಕಿಂತ ಸೂಕ್ಷ್ಮವಾದ ಸಂಗತಿ ಇನ್ನೊಂದಿದೆ. ಮೈಎಸ್‌ಕ್ಯುಎಲ್‌ನ ಇನ್ನೊಡಿಬಿ ಕೋಷ್ಟಕಗಳಲ್ಲಿ ಪ್ರತ್ಯೇಕತೆಯು ತಾನಾಗಿಯೇ 'ಪುನರಾವರ್ತನೀಯ ಓದು' ಎಂಬ ಹಂತದಲ್ಲಿರುತ್ತದೆ. ಸಾಕ್ಷಿಯಾದ ಸಂಪರ್ಕವು ಒಂದು ವಹಿವಾಟನ್ನು ಆರಂಭಿಸಿ ಕೋಷ್ಟಕವನ್ನು ಒಮ್ಮೆ ಓದಿದೆಯೆನ್ನೋಣ. ಆ ಗಳಿಗೆಯ ಚಿತ್ರವೇ ಅದಕ್ಕೆ ವಹಿವಾಟಿನ ಕೊನೆಯವರೆಗೂ ಉಳಿಯುತ್ತದೆ. ಬಳಿಕ ಮೊದಲನೆಯ ಸಂಪರ್ಕವು ಸಾಲನ್ನು ಸೇರಿಸಿ ಕಮಿಟ್ ಮಾಡಿದರೂ ಸಾಕ್ಷಿಗೆ ಕಾಣುವುದಿಲ್ಲ. ಸ್ವಯಂ-ಕಮಿಟ್ ಕೆಲಸ ಮಾಡಲಿಲ್ಲವೆಂದು ವಿದ್ಯಾರ್ಥಿ ಬರೆದುಬಿಡುತ್ತಾನೆ. ಇದೇ ಪ್ರಯೋಗವನ್ನು ಪೋಸ್ಟ್‌ಗ್ರೆಸ್‌ಕ್ಯುಎಲ್‌ನಲ್ಲಿ ಮಾಡಿದರೆ ಫಲ ತಿರುಗುಮುರುಗು. ಅಲ್ಲಿನ ಸಹಜವಾದ ಹಂತದಲ್ಲಿ ಪ್ರತಿಯೊಂದು ವಾಕ್ಯವೂ ಹೊಸದಾಗಿ ನೋಡುತ್ತದೆ. ಎರಡು ವ್ಯವಸ್ಥೆಗಳೂ ಸರಿಯಾಗಿಯೇ ನಡೆದುಕೊಂಡಿವೆ. ಪ್ರಶ್ನೆಯನ್ನು ಕೇಳಿದ ರೀತಿ ಮಾತ್ರ ಸರಿಯಿಲ್ಲ. ಇಂತಹ ಹಂತಗಳಿಗೆ 1992ರ ಎಸ್‌ಕ್ಯುಎಲ್ ಮಾನಕವು ಕೊಟ್ಟ ಲಕ್ಷಣಗಳೇ ಅಸ್ಪಷ್ಟವೆಂದು 1995ರಲ್ಲಿ ಬೆರೆನ್‌ಸನ್, ಜಿಮ್ ಗ್ರೇ ಮೊದಲಾದವರು ಖಂಡಿಸಿದ್ದನ್ನು ಈ ಸಂದರ್ಭದಲ್ಲಿ ಓದಿಸುವುದು ಒಳ್ಳೆಯದು.

ಮೊದಲನೆಯ ಕಿಟಕಿಯನ್ನು ಮುಚ್ಚಿ ಇನ್ನೊಂದನ್ನು ತೆರೆದು ನೋಡುವವರೂ ಉಂಟು. ಒರಾಕಲ್‌ನ ಎಸ್‌ಕ್ಯುಎಲ್ ಪ್ಲಸ್‌ನಿಂದ ಎಕ್ಸಿಟ್ ಹೇಳಿ ಹೊರಟರೆ ಅದು ತಾನಾಗಿಯೇ ಕಮಿಟ್ ಮಾಡುತ್ತದೆ. ಸ್ವಯಂ-ಕಮಿಟ್ ನಿಲ್ಲಿಸಿದ ಪೋಸ್ಟ್‌ಗ್ರೆಸ್‌ಕ್ಯುಎಲ್ ಕಿಟಕಿಯಿಂದ ಹಾಗೆಯೇ ಹೊರಟರೆ ಮಾಡಿದ್ದೆಲ್ಲ ಹೋಗುತ್ತದೆ. ಅಂದರೆ ಅವರು ಅಳೆದದ್ದು ಕಿಟಕಿ ಮುಚ್ಚುವ ಪದ್ಧತಿಯನ್ನು. ಮೈಎಸ್‌ಕ್ಯುಎಲ್‌ನಲ್ಲಿಯೂ ಜೆಡಿಬಿಸಿಯಲ್ಲಿಯೂ ವಹಿವಾಟಿನ ನಡುವೆ ಸ್ವಯಂ-ಕಮಿಟನ್ನು ಮತ್ತೆ ಚಾಲನೆ ಮಾಡಿದರೆ, ಆ ಕ್ರಿಯೆಯೇ ಬಾಕಿಯಿದ್ದುದನ್ನು ಖಾಯಂ ಮಾಡಿಬಿಡುತ್ತದೆ. ಪ್ರಯೋಗದ ಮಧ್ಯದಲ್ಲಿ ಗುಂಡಿಯನ್ನು ತಿರುಗಿಸಿ ನೋಡುವ ಚಪಲದವರು ಇದನ್ನು ಗಮನಿಸಬೇಕು.

ನಾವು ಈಗ ಅನುಸರಿಸುತ್ತಿರುವ ಕ್ರಮ ಹೀಗಿದೆ. ಎರಡು ಸಂಪರ್ಕಗಳನ್ನೂ ಮೊದಲೇ ತೆರೆದು ಕೊನೆಯವರೆಗೂ ತೆರೆದೇ ಇಡುತ್ತೇವೆ. ಸಾಕ್ಷಿಯ ಪ್ರತ್ಯೇಕತೆಯ ಹಂತವನ್ನು ಬರೆದುಕೊಂಡು, ಅದರಲ್ಲಿ ಯಾವ ವಹಿವಾಟೂ ಬಾಕಿಯಿಲ್ಲದಂತೆ ನೋಡಿಕೊಳ್ಳುತ್ತೇವೆ. ಮೊದಲನೆಯ ಸಂಪರ್ಕದಲ್ಲಿ ಸ್ವಯಂ-ಕಮಿಟನ್ನು ನಿಲ್ಲಿಸಿ ಸಾಲನ್ನು ಸೇರಿಸಿದಾಗ ಸಾಕ್ಷಿಗೆ ಅದು ಕಾಣಬಾರದು. ರೋಲ್‌ಬ್ಯಾಕ್ ಮಾಡಿದ ಮೇಲೆ ಇಬ್ಬರಿಗೂ ಕಾಣಬಾರದು. ಆಮೇಲೆಯೇ ಸ್ವಯಂ-ಕಮಿಟನ್ನು ಚಾಲನೆ ಮಾಡಿ ಇನ್ನೊಂದು ಸಾಲನ್ನು ಸೇರಿಸುವುದು. ಈಗ ಸಾಕ್ಷಿಗೆ ಕಾಣಬೇಕು. ಕಾಣಬಾರದೆಂಬ ಭಾಗವನ್ನು ಬಿಟ್ಟರೆ ಕೊನೆಯ ಭಾಗಕ್ಕೆ ಅರ್ಥವಿಲ್ಲ. ಮೈಐಸ್ಯಾಮ್ ಕೋಷ್ಟಕ ಸಿಕ್ಕಿಬೀಳುವುದು ಅಲ್ಲಿಯೇ.

ಸಾಕ್ಷಿಗೆ ಕಂಡ ಸಾಲು ಡಿಸ್ಕಿನ ಮೇಲೆ ನಿಂತಿತೆ ಎಂಬುದು ಬೇರೆಯೇ ಪ್ರಶ್ನೆ. ಇನ್ನೊಡಿಬಿಯಲ್ಲಿ ಲಾಗನ್ನು ಡಿಸ್ಕಿಗೆ ತಳ್ಳುವ ಏರ್ಪಾಡನ್ನು ಸಡಿಲಿಸಿದ್ದರೆ, ಕಮಿಟ್ ಆಗಿ ಎಲ್ಲರಿಗೂ ಕಂಡ ಸಾಲು ಕೂಡ ವಿದ್ಯುತ್ ನಿಂತಾಗ ಹೋಗಬಹುದು. ಅದನ್ನು ಪರೀಕ್ಷಿಸಲು ಯಂತ್ರದ ವಿದ್ಯುತ್ತನ್ನೇ ತೆಗೆಯಬೇಕಾದೀತು. ಪ್ರಯೋಗಶಾಲೆಯ ಮೇಲ್ವಿಚಾರಕರು ಇನ್ನೂ ಒಪ್ಪಿಲ್ಲ.