ಟಾಲ್‌ಸ್ಟಾಯ್ ಕಂಡ ವರ್ತಕ

ಟಾಲ್‌ಸ್ಟಾಯ್ ಉತ್ತರವಯಸ್ಸಿನಲ್ಲಿ ಬರೆದ ಕತೆಗಳಲ್ಲಿ ಮನಃಪರಿವರ್ತನೆ ಬಹುಮಟ್ಟಿಗೆ ಮರಣದ ಹೊಸ್ತಿಲಲ್ಲೇ ಸಂಭವಿಸುತ್ತದೆ. 1886ರ ಇವಾನ್ ಇಲಿಚ್ ನ್ಯಾಯಾಧಿಕಾರಿ. 1895ರ ‘ಯಜಮಾನ ಮತ್ತು ಆಳು’ ಕತೆಯ ಬ್ರೆಖುನೋಫನಾದರೋ ನಮ್ಮಂತೆ ವರ್ತಕ, ಚರ್ಚಿನ ಧರ್ಮದರ್ಶಿಯೂ ಹೌದು. ಕಾಡೊಂದನ್ನು ಅಗ್ಗವಾಗಿ ಕೊಳ್ಳುವ ಆತುರದಲ್ಲಿ ತನ್ನ 700 ರೂಬಲ್‌ಗಳಿಗೆ ತನ್ನ ವಶದಲ್ಲಿದ್ದ ಚರ್ಚಿನ 2,300 ರೂಬಲ್ ಸೇರಿಸಿಕೊಂಡು, ಆಳು ನಿಕೀತನೊಡನೆ ಹಿಮಗಾಳಿಯಲ್ಲಿ ಹೊರಡುತ್ತಾನೆ. ಆ ಆಳಿಗೆ ವರ್ಷಕ್ಕೆ 80 ಸಲ್ಲಬೇಕಾದಲ್ಲಿ ಕೊಡುತ್ತಿದ್ದುದು ಸುಮಾರು 40; ಅದೂ ಬಹುಪಾಲು ಅಂಗಡಿಯ ಸಾಮಾನಾಗಿ, ಏರಿಸಿದ ಬೆಲೆಗೆ.

ದಾರಿ ತಪ್ಪಿದ ರಾತ್ರಿ ಅವನು ಮೊದಲು ಆಳನ್ನು ಬಿಟ್ಟು ಕುದುರೆಯೇರಿ ಓಡುತ್ತಾನೆ. ತಾನು ಮಾರಿದ, ಉರಿದೂ ಉರಿಯದೆ ಮತ್ತೆ ಪೆಟ್ಟಿಗೆ ಸೇರಿದ ಮೇಣದಬತ್ತಿಗಳು ಇಲ್ಲಿ ಒದಗವೆಂಬುದು ಆಗ ಅವನಿಗೆ ಹೊಳೆಯುತ್ತದೆ. (ಬಸದಿಯ ಲೆಕ್ಕ ನೋಡುವ ನಾವು ಇಲ್ಲಿ ಕೊಂಚ ನಿಲ್ಲಬೇಕು.) ಸುತ್ತಿ ಸುತ್ತಿ ಅಲ್ಲಿಗೇ ಮರಳಿದವನು ತುಪ್ಪಳದ ಅಂಗಿಯನ್ನು ತೆರೆದು, ಮರಗಟ್ಟುತ್ತಿದ್ದ ನಿಕೀತನ ಮೇಲೆ ಮಲಗಿ, ಮೈಯ ಶಾಖವನ್ನಿತ್ತು ತಾನು ಸಾಯುತ್ತಾನೆ.

ಈ ತಿರುವು ಹಠಾತ್ತೆಂದು ಆಕ್ಷೇಪಿಸಬಹುದು. ನನಗೆ ಹಾಗೆನಿಸದು. ವ್ಯಾಪಾರ ಕುದುರಿದಾಗ ಕೈಮೇಲೆ ಕೈ ಹಾಕುವ ದೃಢತೆಯಿಂದಲೇ ಅವನು ಆಳಿನ ಮೇಲಣ ಹಿಮವನ್ನು ಕೆರೆಯತೊಡಗುತ್ತಾನೆ. ಗುಣ ಹಳೆಯದೇ, ದಿಕ್ಕು ಹೊಸದು.

ನನ್ನ ಸಂದೇಹ ಬೇರೆ. ಆ 2,300 ರೂಬಲ್ ದೇವದ್ರವ್ಯ ಏನಾಯಿತು? ನಿಕೀತ ಇನ್ನೂ 20 ವರ್ಷ ಬದುಕುತ್ತಾನೆ. ಅವನ ಬಾಕಿ ಕೂಲಿ ಸಂದಿತೇ? ಕತೆ ಹೇಳುವುದಿಲ್ಲ. ‘ವಡ್ಡಾರಾಧನೆ’ಯ ಸುಕುಮಾರಸ್ವಾಮಿಯೂ ಶ್ರೇಷ್ಠಿಪುತ್ರನೇ. ಆಯುಷ್ಯ ಮೂರೇ ದಿನವೆಂದು ತಿಳಿದರೂ ಆತ ಮೊದಲು ಸರ್ವವನ್ನೂ ತೊರೆದು ದೀಕ್ಷೆ ಪಡೆದ, ಆಮೇಲೆ ನರಿಯ ಉಪಸರ್ಗವನ್ನು ಸಹಿಸಿದ. ಬ್ರೆಖುನೋಫನ ಲೋಭ ಕ್ಷಯವಾಯಿತೋ, ಉಪಶಮವಷ್ಟೇ ಆಯಿತೋ? ಬೆಳಗಿನವರೆಗೆ ಬದುಕಿದ್ದರೆ ತಿಳಿಯುತ್ತಿತ್ತು.