ಅಳುವ ಮೊದಲು ಓದಬೇಕಾದ ಕಾಗದ

ನಮ್ಮ ಕಥೆಗಾರರಿಗೆ ಜಪ್ತಿಯ ದೃಶ್ಯವೆಂದರೆ ಬಲು ಪ್ರೀತಿ. ಅಮೀನ ಬರುತ್ತಾನೆ, ಹಂಡೆ ಕೊಡಗಳು ಅಂಗಳಕ್ಕೆ ಬರುತ್ತವೆ, ಹೆಂಗಸು ಬಾಗಿಲು ಹಿಡಿದು ಅಳುತ್ತಾಳೆ, ಕಥೆ ಮುಗಿಯುತ್ತದೆ. ಬೇರೆಯವರನ್ನು ದೂರುವ ಮೊದಲು ನನ್ನನ್ನೇ ದೂರಿಕೊಳ್ಳುತ್ತೇನೆ. ನಾನೂ ಅಂಥದ್ದೊಂದು ಕಥೆ ಬರೆದಿದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವುದಾದರೂ ಆಗಬಹುದಾದ ಊರು. ಹಿಂದಿನ ಓಣಿಯಲ್ಲಿ ಬಟ್ಟೆ ಹೊಲಿದು ಬದುಕುವ ಒಬ್ಬ ವಿಧವೆ. ತೀರಿಹೋದ ಗಂಡನ ಹೆಸರಿನಲ್ಲಿದ್ದ ಮನೆಪಟ್ಟಿಯ ಬಾಕಿಗಾಗಿ ಕೋರ್ಟಿನ ಅಮೀನ ಬಂದು ಅವಳ ಹೊಲಿಗೆ ಯಂತ್ರ ಹೊತ್ತೊಯ್ಯುತ್ತಾನೆ. ಓದಿದವರು ಮೆಚ್ಚಿದರು. ಹಿರಿಯ ವಕೀಲರೊಬ್ಬರು ಮಾತ್ರ ಹೇಳಿದರು: "ಕತಿ ಚಲೋ ಐತ್ರಿ. ಆದ್ರ ಅಕಿ ಅಳೂಕಿಂತ ಮೊದ್ಲ ಆ ಕಾಗದ ಯಾರರ ಓದಿ ಹೇಳಬೇಕಿತ್ತಲ್ರಿ?"

ಅವರು ತೋರಿಸಿದ ತಪ್ಪುಗಳು ಎರಡು. 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದಲ್ಲಿ ಮನೆಪಟ್ಟಿ ವಸೂಲಿಗೆ ಮೆಟ್ಟಿಲುಗಳಿವೆ. ಮೊದಲು ಬಿಲ್ಲು, ಆಮೇಲೆ ತಗಾದೆಯ ನೋಟೀಸು, ಆಮೇಲೆ ಜಪ್ತಿ ವಾರಂಟು. ನನ್ನ ಕಥೆಯಲ್ಲಿ ಬಿಲ್ಲೂ ಇರಲಿಲ್ಲ, ನೋಟೀಸೂ ಇರಲಿಲ್ಲ. ಇನ್ನು ಪುರಸಭೆ ದಾವೆ ಹೂಡಿ ಕೋರ್ಟಿನಿಂದಲೇ ಅಮೀನ ಬಂದನೆನ್ನೋಣ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೇ ಕಲಮಿನಂತೆ ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಕಸುಬುದಾರನ ಉಪಕರಣ ಜಪ್ತಿಗೆ ಬರುವುದಿಲ್ಲ. 62ನೇ ಕಲಮಿನಂತೆ ಸೂರ್ಯ ಮುಳುಗಿದ ಮೇಲೆ ಆತ ಮನೆಯೊಳಗೆ ಕಾಲಿಡುವಂತಿಲ್ಲ. ಪರದೆಯಲ್ಲಿರುವ ಹೆಂಗಸಿನ ಕೋಣೆಯಾದರೆ, ಆಕೆ ಹೊರಗೆ ಹೋಗಲು ಸಮಯ ಕೊಡಲೇಬೇಕು. ಅವಳ ಯಂತ್ರವನ್ನು ಕಾನೂನು ಬಿಟ್ಟಿತ್ತು, ಹೊತ್ತೊಯ್ದವನು ನಾನು.

ಇದು ಬರೀ ಮಾಹಿತಿಯ ತಪ್ಪಲ್ಲ, ಕಥೆಯ ತಪ್ಪು. ಕಣ್ಣೀರು ಬೇಕಾಗಿದ್ದ ನನಗೆ ಅವಳ ಕೈಯಲ್ಲಿದ್ದ ಕಾಗದ ಅಡ್ಡಿಯಾಗುತ್ತಿತ್ತು. ಉರ್ದು ಮಾತ್ರ ಓದಬಲ್ಲ ಅಂಥ ಎಷ್ಟೋ ತಾಯಂದಿರು ಕನ್ನಡದ ನೋಟೀಸನ್ನು ಮಡಿಚಿ ಟ್ರಂಕಿನಲ್ಲಿ ಜೋಪಾನವಾಗಿ ಇಡುತ್ತಾರೆ. ಅಪಾಯ ಹುಟ್ಟುವುದು ಅಲ್ಲಿ. ಕಥೆಯೂ ಅಲ್ಲೇ ಹುಟ್ಟಬೇಕಿತ್ತು.

ಎರಡು ಭಾಷೆಯ ಶಾಲೆ ಕಂಡ ನನಗೆ ಈ ಮಾತುಗಳಾದರೂ ಎಚ್ಚರಿಕೆ ಕೊಡಬೇಕಿತ್ತು. ಜಪ್ತಿ, ಬಾಕಿ, ವಸೂಲಿ, ಅಮೀನ ಎಲ್ಲವೂ ಅರಬಿ ಮೂಲದವು. ಉರ್ದು ಗಜಲಿನಲ್ಲಿ 'ಜಬ್ತ್' ಎಂದರೆ ದುಃಖವನ್ನು ನುಂಗಿಕೊಳ್ಳುವ ಸಂಯಮ. 'ಬಾಕಿ' ಎಂದರೆ ಅಳಿಯದೆ ಉಳಿಯುವುದು. 'ವಸೂಲ್' ಎಂದರೆ ತಲುಪುವುದು. 'ಅಮೀನ್' ಎಂದರೆ ನಂಬಿಗಸ್ತ. ಮಕ್ಕಾದ ಜನ ಪ್ರವಾದಿಯವರನ್ನು (ಸ) ಕರೆದದ್ದೇ ಹಾಗೆ. ಇಂಥ ಹೆಸರು ಹೊತ್ತವನು ಕಚೇರಿಯಿಂದ ಓಣಿಗೆ ಬರುವಷ್ಟರಲ್ಲಿ ಭಯದ ಹೆಸರಾದದ್ದು ಹೇಗೆ? ಆ ಪ್ರಶ್ನೆಯನ್ನು ನಮ್ಮ ಕಥೆಗಳು ಕೇಳುವುದು ಅಪರೂಪ.

ಪ್ರೇಮಚಂದರು 'ನಮಕ್ ಕಾ ದಾರೋಗಾ'ದಲ್ಲಿ ಕೇಳಿದರು. ಉಪ್ಪಿನ ಇಲಾಖೆಯ ವಂಶೀಧರ ನಲವತ್ತು ಸಾವಿರದ ಲಂಚಕ್ಕೂ ಬಗ್ಗುವುದಿಲ್ಲ, ನೌಕರಿ ಕಳೆದುಕೊಳ್ಳುತ್ತಾನೆ. ಕೊನೆಗೆ ಲಂಚ ಕೊಡಬಂದ ಅಲೋಪಿದೀನನೇ ಅವನನ್ನು ತನ್ನ ಆಸ್ತಿಯ ಮ್ಯಾನೇಜರನನ್ನಾಗಿ ಮಾಡಿಕೊಳ್ಳುತ್ತಾನೆ. ಈ ಮುಕ್ತಾಯ ನನಗೆ ಒಪ್ಪಿಗೆಯಿಲ್ಲ. ಸಾರ್ವಜನಿಕರಿಗೆ ಸಲ್ಲಬೇಕಾದ ಪ್ರಾಮಾಣಿಕತೆ ಅಲ್ಲಿ ಸಾಹುಕಾರನ ಸೊತ್ತಾಗುತ್ತದೆ. ಆದರೂ ವಸೂಲಿಗೆ ನಿಂತವನ ಎದೆಯೊಳಗೆ ಲೇಖಕರು ಇಣುಕಿದ್ದಾರೆ.

ನಮಗೆ ಇನ್ನೂ ಹತ್ತಿರದ ದಾರಿಯಿದೆ. ಬಾಗೇವಾಡಿಯ ಬಸವಣ್ಣ ಬಿಜ್ಜಳನ ಭಂಡಾರಿ. ಬೊಕ್ಕಸದ ಹಣ ದುರುಪಯೋಗವಾಗಿದೆ ಎಂಬ ದೂರು ಬಂದು, ಲೆಕ್ಕ ನೋಡಿದರೆ ಸರಿಯಾಗಿತ್ತೆಂದು ಪುರಾಣಗಳು ಹೇಳುತ್ತವೆ. ಅದನ್ನು ಪವಾಡವೆಂದು ಕೈಮುಗಿದು ಮುಂದೆ ಹೋಗುತ್ತೇವೆ. ಜನರ ಹಣಕ್ಕೆ ಲೆಕ್ಕ ಒಪ್ಪಿಸಿದವನ ಕಥೆಯೆಂದೂ ಅದನ್ನು ಓದಬಹುದು. ಪಟ್ಟಿ ಕೊಟ್ಟವರಿಗೆ ನಲ್ಲಿ, ಚರಂಡಿ, ಬೀದಿದೀಪದ ಲೆಕ್ಕ ಕೇಳುವ ಹಕ್ಕಿದೆ ಎಂಬುದೂ ಅದರಲ್ಲೇ ಇದೆ.

ನನ್ನ ಕಥೆಯನ್ನು ಈಗ ತಿದ್ದುತ್ತಿದ್ದೇನೆ. ಶಾಲೆಗೆ ಹೋಗುವ ಮೊಮ್ಮಗಳು ಟ್ರಂಕಿನಿಂದ ನೋಟೀಸು ತೆಗೆದು ಅಜ್ಜಿಗೆ ಓದಿ ಹೇಳುತ್ತಾಳೆ. ಬಾಕಿ ಎಷ್ಟು, ಯಾವ ವರ್ಷದ್ದು, ಕಟ್ಟಿದ್ದ ರಸೀದಿ ಎಲ್ಲಿದೆ ಎಂದು ಇಬ್ಬರೂ ಹುಡುಕುತ್ತಾರೆ. ಕಣ್ಣೀರು ಕಡಿಮೆಯಾಗಿದೆ. ಬಾಗಿಲು ಬಡಿಯುವವನು ಬಂದಾಗ ಅಜ್ಜಿ ಕೇಳುತ್ತಾಳೆ: "ಕಾಗದ ಎಲ್ಲಿ ಐತಪ್ಪಾ? ಮೊದ್ಲ ಅದನ್ನ ತೋರ್ಸು."